ಹಳೇ ಸೇತುವೆ ತೆಗೆಯಬೇಕಿತ್ತು

ತಿಪಟೂರಿನಲ್ಲಿ ನನ್ನದೊಂದು ಫೋಟೊ ಸ್ಟುಡಿಯೊ. ಮದುವೆ ಮನೆಗಳಲ್ಲಿ 'ಸ್ವಲ್ಪ ನಗಿ, ಸ್ವಲ್ಪ ನಗಿ' ಎಂದು ಗೋಗರೆದು ಸಾಕಾಗಿ, ನಗಿಸುವ ಅಗತ್ಯವೇ ಇಲ್ಲದವುಗಳನ್ನು ಹುಡುಕಿಕೊಂಡು ಹೊರಟೆ: ಪಾಳು ಮಂಟಪ, ಮುಚ್ಚಿದ ಮಿಲ್ಲು, ಹಳೇ ಸೇತುವೆ. ಕಲ್ಲುಗಳೇನೋ ಸುಮ್ಮನಿರುತ್ತವೆ. ಸುತ್ತಮುತ್ತಲಿನವರು ಸುಮ್ಮನಿರುವುದಿಲ್ಲ.

ನಿಜವಾಗಿ ನನಗೆ ಬೇಕಾಗಿದ್ದುದು ಒಂದೇ ಚಿತ್ರ. ಮಾಯಸಂದ್ರದಾಚೆ ನಾನು ಓದಿದ ಊರಿನ ಕಲ್ಲುಸೇತುವೆಯದು. ಅದರ ತಡೆಗೋಡೆಯ ಚಪ್ಪಡಿ ಮೇಲೆ ಕೂತೇ ನಾನು ದಿನಾ ಬಸ್ಸು ಕಾಯುತ್ತಿದ್ದೆ. ಈ ಭಾನುವಾರ ಹೋಗೋಣ ಎಂದುಕೊಂಡರೆ ಯಾರದೋ ಮದುವೆ ಅಡ್ಡ ಬರುತ್ತಿತ್ತು.

ಮಂಟಪ

ಹಾಲ್ಕುರಿಕೆ ದಾರಿಯಲ್ಲೊಂದು ಮಂಟಪ. ಕ್ಯಾಮೆರಾ ಹಿಡಿದಿದ್ದೇ ತಡ, ಪಕ್ಕದ ತೋಟದ ಅಜ್ಜಿ ಕೂಗಿದರು, "ಒಸಿ ತಡೀರಪ್ಪ!" ಬಿಸಿಲಲ್ಲಿ ಬೇಯುತ್ತಾ ನಿಂತೆ. ಅಜ್ಜಿ ರೇಷ್ಮೆ ಸೀರೆ ಉಟ್ಟು, ಮಗ, ಸೊಸೆ, ಮೊಮ್ಮಕ್ಕಳ ಸಮೇತ ಬಂದು ಮಂಟಪದ ಮುಂದೆ ಸಾಲಾಗಿ ನಿಂತರು.

"ಅಮ್ಮಾ, ಮಂಟಪವೇ ಕಾಣ್ತಿಲ್ಲ."

"ಅದೆಲ್ಲೋಯ್ತದೆ, ಇಲ್ಲೇ ಬಿದ್ದಿರ್ತದೆ. ನಾವು ಇರೋವಾಗ ನಮ್ಮುನ್ನ ತೆಗೀರಿ!"

ತೆಗೆದೆ. ಬಾಯಿ ತಪ್ಪಿ, "ಸ್ವಲ್ಪ ನಗಿ" ಅಂತಲೂ ಅಂದೆ.

ಮಿಲ್ಲು

ಮುಚ್ಚಿಹೋದ ಎಣ್ಣೆ ಮಿಲ್ಲೊಂದರ ಗೇಟಿನಲ್ಲಿ ವಾಚ್‌ಮನ್ ತಡೆದ.

"ಒಳಗೆ ಬುಡಂಗಿಲ್ಲ ಸಾರ್."

"ಒಳಗೇನಿದೆ?"

"ಏನೂ ಇಲ್ಲ. ಮಿಷಿನ್ನೆಲ್ಲಾ ಯಾವತ್ತೋ ಮಾರವ್ರೆ."

"ಮತ್ತೆ ನೀನೇನು ಕಾಯ್ತಿದ್ದೀಯಪ್ಪ?"

ಅವನು ಆಚೀಚೆ ನೋಡಿ ಹತ್ತಿರ ಬಂದ. "ಮೆಲ್ಲಗೆ ಮಾತಾಡಿ ಸಾರ್. ಒಳಗೆ ಏನೂ ಇಲ್ಲ ಅನ್ನೋದು ನಿಮ್ಮ ಫೋಟೊದಲ್ಲಿ ಬಂದುಬುಟ್ರೆ ನನ್ನ ಕೆಲಸ ಹೋಯ್ತದೆ!"

ವಾದ ಮಾಡುವಷ್ಟು ತ್ರಾಣವಿರಲಿಲ್ಲ. ಗೇಟಿನ ಫೋಟೊ ತೆಗೆದುಕೊಂಡು ಬಂದೆ. ಅದರಲ್ಲೂ ಅವನೇ ಸೆಲ್ಯೂಟ್ ಹೊಡೆಯುತ್ತಾ ನಿಂತಿದ್ದಾನೆ.

ಸೇತುವೆ

ಕೊನೆಗೂ ಮದುವೆಯಿಲ್ಲದ ಒಂದು ಭಾನುವಾರ ಸಿಕ್ಕಿತು. ಆ ಊರಿನಲ್ಲೇ ಇರುವ ನನ್ನ ಹಳೇ ಸಹಪಾಠಿಗೆ ಹಿಂದಿನ ವಾರವೇ ಫೋನ್ ಮಾಡಿದೆ. ಎತ್ತಿದ್ದು ಅವನ ಹೆಂಡತಿ. ಯಜಮಾನರು ತೋಟಕ್ಕೆ ಹೋಗಿದ್ದಾರೆ ಅಂದರು. ಮದುವೆ ಮನೆಯ ವಾಲಗದ ನಡುವೆ ನಿಂತು ನಾನು ಕಿರುಚಿದೆ, "ತಿಪಟೂರಿಂದ ಫೋನ್ ಬಂದಿತ್ತು ಅಂತ ಹೇಳಿಯಮ್ಮ. ಭಾನುವಾರ ಬಂದು ಹಳೇ ಸೇತುವೆ ತೆಗೀತೀನಿ!"

ಭಾನುವಾರ ಬೆಳಿಗ್ಗೆ ಬಸ್ಸಿಳಿದು ನೋಡಿದರೆ ಹಳ್ಳ ಇದೆ, ಪಕ್ಕದಲ್ಲಿ ಹೊಸ ಸೇತುವೆ ಇದೆ, ನನ್ನ ಸೇತುವೆ ಇಲ್ಲ. ಜೆಸಿಬಿ ಓಡಾಡಿದ ಹಸಿ ಗುರುತು ಮಾತ್ರ. ಸೀದಾ ಗೆಳೆಯನ ಮನೆಗೆ ನಡೆದೆ.

"ಅಯ್ಯೋ, ಬಾರ್ಲಾ! ಅಪರೂಪಕ್ಕೆ ಬಂದಿದ್ದೀಯ, ಕೂತ್ಕೋ," ಎಂದು ಬಾಗಿಲ ಪಕ್ಕದ ಹೊಸ ಜಗಲಿ ತೋರಿಸಿದ. ಕೂತೆ. ಅಂಗೈಗೆ ನುಣುಪಾದ ಪರಿಚಯದ ಕಲ್ಲು. ನಾನು ಬಸ್ಸು ಕಾಯುತ್ತಿದ್ದ ಚಪ್ಪಡಿಯೇ!

"ಸೇತುವೆ ಏನಾಯ್ತೋ?"

"ತಿಪಟೂರಿಂದ ಯಾರೋ ಆಫೀಸರ್ರು ಫೋನ್ ಮಾಡಿದ್ರಂತೆ ಕಣ್ಲಾ. ಭಾನುವಾರ ಬಂದು ಸೇತುವೆ ತೆಗೀತೀನಿ ಅಂದ್ರಂತೆ. ಇವಳು ಹೆದರ್ಕೊಂಡು ಹೆಸರೂ ಕೇಳಿಲ್ಲ. ಆಮೇಲೆ ಕಲ್ಲೆಲ್ಲಾ ಯಾವನೋ ಕಂಟ್ರಾಕ್ಟರ್ ಹೊತ್ಕೊಂಡೋಗ್ತಾನೆ ಅಂತ ಊರವರೆಲ್ಲಾ ಸೇರಿ ನಾವೇ ಮುಂಚೆ ತೆಗೆದುಬುಟ್ವಿ."

ನಾನು ಕೂತಿದ್ದ ಚಪ್ಪಡಿಯಿಂದ ಮೆಲ್ಲಗೆ ಎದ್ದು ನಿಂತೆ.

ಅವನ ಕಣ್ಣು ನನ್ನ ಹೆಗಲ ಮೇಲಿದ್ದ ಕ್ಯಾಮೆರಾ ಮೇಲೆ ಬಿತ್ತು. ತಲೆ ಚಚ್ಚಿಕೊಂಡ.

"ಥತ್! ಕೆಡವೋಕೆ ಮುಂಚೆ ನಿನಗೊಂದು ಫೋನ್ ಮಾಡ್ಬೇಕಿತ್ತು ಕಣ್ಲಾ. ಬಂದು ತೆಗೀತಿದ್ದೆ!"