ದಸ್ತಗೀರನ ಮೊಡವೆ ಸಿಂಪರಣೆ

ದಸ್ತಗೀರನ ಅಜ್ಜ ಮೀರಾಸಾಬ ಮೈಲುತುತ್ತಕ್ಕೆ ಸುಣ್ಣ ಕೂಡಿಸಿ, ಕಸಬರಿಗೆಯಿಂದ ಎರಚಿ, ಕಾಗವಾಡದ ಅರ್ಧ ದ್ರಾಕ್ಷಿ ಬಳ್ಳಿಗಳ ಪ್ರಾಣ ಉಳಿಸಿದವನು. ಅಪ್ಪ ಬಾಬಾಲಾಲ ಮೂವತ್ತು ವರ್ಷ ಬೆನ್ನಿಗೆ ಪಂಪು ಕಟ್ಟಿಕೊಂಡು ಔಷಧ ಹೊಡೆದವನು. ಯಾರ ಸಲಹೆಯನ್ನೂ ಕೇಳಿದವನಲ್ಲ. ಅಂಥ ವಂಶದ ಕುಡಿಗೆ ಮೂವತ್ನಾಲ್ಕಾದರೂ ಮೊಡವೆ!

ನಿಪ್ಪಾಣಿಗೆ ಹೆಣ್ಣು ನೋಡಲು ಹೋಗುವುದಕ್ಕೆ ಎಂಟೇ ದಿನ ಉಳಿದಾಗ ದಸ್ತಗೀರ ಮಿರಜಿನ ಚರ್ಮದ ಡಾಕ್ಟರಮ್ಮನ ಮುಂದೆ ಕೂತ. ಆಕೆ ಟ್ಯೂಬು ತೋರಿಸಿದಳು.

"ಇದರಾಗ ಎರಡು ಔಷಧ ಅದಾವು. ಒಂದು ಮುಚ್ಚಿದ ರಂಧ್ರ ಬಿಚ್ಚತೈತಿ, ಇನ್ನೊಂದು ಒಳಗಿನ ಕ್ರಿಮಿ ಕೊಲ್ಲತೈತಿ. ದಿನಕ್ಕ ಒಮ್ಮೆ, ಬಟಾಣಿ ಕಾಳಿನಷ್ಟ. ಗುಣ ಕಾಣಾಕ ಮೂರು ತಿಂಗಳು ಬೇಕು."

"ನನಗ ಹೇಳ್ತೀರೇನ್ರಿ! ಒಂದ ಔಷಧ ಹೊಡದ್ರ ರೋಗ ಶಾಣ್ಯಾ ಆಗತೈತಿ. ಎರಡು ಕೂಡಿಸಿದ್ರ ಬುಡಸಮೇತ ಹೋಗತೈತಿ. ನಮ್ಮಜ್ಜನ ಕಾಲದಾಗಿಂದ ಗೊತ್ತೈತಿ!"

ಆ ಗೊತ್ತಿದ್ದದ್ದೇ ಮುಳುವಾಯಿತು. ದ್ರಾಕ್ಷಿ ಎಲೆಯ ಎರಡೂ ಮಗ್ಗುಲು ತೊಯ್ದು ತೊಟ್ಟಿಕ್ಕಿದರೇ ಅವನ ಲೆಕ್ಕದಲ್ಲಿ ಅದು ಸಿಂಪರಣೆ. ಬಟಾಣಿ ಯಾವ ಮೂಲೆಗೆ! ದಿನಕ್ಕೆ ಮೂರು ಸಲ, ಕಿವಿಯಿಂದ ಕಿವಿಗೆ, ಗೋಡೆಗೆ ಬಳಿದಂತೆ ಬಳಿದ. ಮೂರನೇ ದಿನ ಮುಖ ಉರಿಯಿತು. "ಔಷಧ ಹತ್ತೇತಿ" ಎಂದ. ಐದನೇ ದಿನ ಸಿಪ್ಪೆ ಎದ್ದಿತು. "ರೋಗ ಉದುರಾಕತ್ತೈತಿ" ಎಂದ.

ಯಾರಿಗೆ ಎಂದ? ಕನ್ನಡಿಗೆ. ಅಪ್ಪ ಮೊದಲೇ ಹೋಗಿದ್ದ, ತಾಯಿ ತೀರಿ ನಾಲ್ಕು ವರ್ಷ. ಆ ಮನೆಯಲ್ಲಿ ಮಾತಿಗೆ ಮರುಮಾತು ಬೇಕೆಂದರೆ ಕುಕ್ಕರೇ ಸೀಟಿ ಹೊಡೆಯಬೇಕು. ಹಗಲೆಲ್ಲ ಮೂಗು ಬಾಯಿ ಕಟ್ಟಿಕೊಂಡು, ಬಳ್ಳಿಗೆ ಔಷಧ ಹೊಡೆಯುತ್ತ, ಒಬ್ಬನೇ ಟ್ರ್ಯಾಕ್ಟರಿನ ಮೇಲೆ. ಸಂಜೆ ಹೊಸ ಹಸಿರು ರುಮಾಲು ಹೆಗಲಿಗೇರಿಸಿ, ಕನ್ನಡಿಗೆ ಸಲಾಂ ಹೇಳಿ, ಅದರಲ್ಲೇ ಬೆವರು ಒರೆಸಿಕೊಂಡು ಹೆಣ್ಣು ನೋಡುವ ತಾಲೀಮು!

ನಿಪ್ಪಾಣಿಯಲ್ಲಿ ಬಸ್ಸಿಳಿದವನನ್ನು ಕಂಡು, ಕಾದು ನಿಂತಿದ್ದ ಅಕ್ಕ ಸಕೀನಾಬಿ ಹೌಹಾರಿದಳು.

"ಯಾ ಅಲ್ಲಾ! ಸುಟ್ಟ ಬದನಿಕಾಯಿ ಆಗೈತಲ್ಲೋ ಮಾರಿ! ರುಮಾಲಿಗೇನಾತು?"

ಹಸಿರಿನ ತುಂಬ ಬಿಳಿ ಮಚ್ಚೆ.

"ಅಂಗಡ್ಯಾಂವ ಕಚ್ಚಾ ಬಣ್ಣ ಕೊಟ್ಟಾನ, ಆಪಾ!"

ಹೆಣ್ಣಿನ ಹೆಸರು ಗುಲನಾಜ. ಔಷಧ ಅಂಗಡಿಯಲ್ಲಿ ಕೆಲಸ. ಚಹಾ ಇಟ್ಟವಳು ಮೊದಲು ರುಮಾಲು ನೋಡಿದಳು, ಆಮೇಲೆ ಮುಖ.

"ಮೊಡವಿಗೆ ಎರಡೌಷಧದ ಟ್ಯೂಬು ಹಚ್ಚೀರಿ, ಹೌದಿಲ್ರಿ? ಅದು ಬಟ್ಟಿ ಬಣ್ಣಾನೂ ತಿಂತೈತಿ. ಎಷ್ಟು ಹಚ್ಚಿದ್ರಿ?"

"ಬಟಾಣಿಯಷ್ಟ್ರಿ."

"ಕಾಳೋ, ಚೀಲೋ?"

ಒಳಮನೆಯಲ್ಲಿ ಬಳೆಗಳೂ ನಕ್ಕವು. ದಸ್ತಗೀರನ ಮುಖ ಕೆಂಪಾಯಿತೋ ಇಲ್ಲವೋ ಗೊತ್ತಾಗಲಿಲ್ಲ. ಕೆಂಪಾಗಲು ಜಾಗವೇ ಉಳಿದಿರಲಿಲ್ಲ.

"ಮನ್ಯಾಗ ಮಾರಿ ನೋಡಿ 'ಸಾಕು' ಅನ್ನೋರು ಯಾರೂ ಇಲ್ಲೇನ್ರಿ?"

"ಕನ್ನಡಿ ಐತ್ರಿ."

ಈ ಸಲ ಯಾರೂ ನಗಲಿಲ್ಲ. ಗುಲನಾಜಳ ದನಿ ಮೆತ್ತಗಾಯಿತು.

"ಉರಿ ಇಳಿಯೂತನಕ ಬಿಡ್ರಿ. ಡಾಕ್ಟರ್‌ನ ಕೇಳಿ ಮತ್ತ ಸ್ವಲ್ಪ ಸ್ವಲ್ಪ ಚಾಲೂ ಮಾಡ್ರಿ. ಮೂರು ತಿಂಗಳ ಕೆಲಸ, ಮರೀತೀರಿ. ದಿನಾ ನಾ ಫೋನ್ ಮಾಡಿ ನೆನಪ ಮಾಡ್ಲೇನ್ರಿ?"

ನಾಲ್ಕು ವರ್ಷದಲ್ಲಿ ಯಾರೂ ಕೇಳದ ಮಾತು. ಎದೆ ಹೌದೆಂದು ಕುಣಿಯಿತು. ಹೂಂ ಅನ್ನಲೆಂದು ಸಕೀನಾಬಿ ಸೆರಗಿನ ಮರೆಯಲ್ಲಿ ತಮ್ಮನನ್ನು ಚರ್ಮ ಕಿತ್ತು ಬರುವ ಹಾಗೆ ಚಿವುಟಿದಳು. ಆದರೆ ಆ ಬಾಯಿ ಎಂದಾದರೂ ಎದೆಯನ್ನು ಕೇಳಿ ಮಾತಾಡಿದ್ದುಂಟೇ!

"ಬ್ಯಾಡ್ರಿ, ನಿಮಗ್ಯಾಕ ತ್ರಾಸ? ನಾ ಒಬ್ಬಾಂವನೇ ನೋಡ್ಕೋತೇನಿ."