ಬಾವಿಯನ್ನು ಎಲ್ಲಿ ಬಗ್ಗಿಸುವುದು

ಮೊದಲಿಗೇ ಕ್ಷಮೆ ಕೇಳಿಬಿಡುತ್ತೇನೆ. ನನಗೆ ಪ್ರಸಂಗ ಹೇಳಲು ಬರುವುದಿಲ್ಲ. ನಗು ಬರುವ ಜಾಗಕ್ಕೆ ನಾನು ತಲುಪುವಷ್ಟರಲ್ಲಿ ಕೇಳುವವರು ಎದ್ದು ಹೋಗಿರುತ್ತಾರೆ. ಹೋದವರಲ್ಲಿ ನನ್ನ ಹೆಂಡತಿಯೂ ಇರುತ್ತಾಳೆ. ನಮ್ಮ ಕನ್ನಡ ಸಂಘದ ಸಂಚಿಕೆಗೆ ಏನಾದರೂ ನಗು ಬರುವಂಥದ್ದು ಬರೆದುಕೊಡಿ ಎಂದಾಗ ಒಪ್ಪಿಕೊಂಡೆ, ಏಕೆಂದರೆ ಬರೆಯುವಾಗ ಮಧ್ಯೆ ಯಾರೂ ಬಾಯಿ ಹಾಕುವುದಿಲ್ಲ. ಇಂಥವು ನನಗೆ ಆಗುತ್ತಲೇ ಇರುತ್ತವೆ, ಅದೂ ಒಂದು ವಿಷಯವನ್ನು ಸರಿಯಾಗಿ ವಿವರಿಸಲು ಹೊರಟಾಗಲೇ ಆಗುತ್ತವೆ. ಪ್ರಸಂಗ ಎಂದರೆ ನಡೆದುಹೋದ ಘಟನೆ. ಇಲ್ಲಿರುವವೆಲ್ಲ ನಡೆದುಹೋದವೇ. ಕೊನೆಯದು ಮಾತ್ರ ಇನ್ನೂ ನಡೆಯುತ್ತಿದೆ.

ನನ್ನ ಕೆಲಸ

ನನ್ನ ಆಫೀಸು ನೈರೋಬಿಯ ರಿವರ್‌ಸೈಡ್‌ನಲ್ಲಿದೆ. ಅಮೆರಿಕದಲ್ಲಿ ಶೇಲ್ ಎಂಬ ಕಲ್ಲಿನೊಳಗಿಂದ ತೈಲ, ಗ್ಯಾಸ್ ತೆಗೆಯುತ್ತಾರೆ. ಶೇಲ್ ಎಂದರೆ ಬಹಳ ಹಳೆಯ ಕೆಸರು ಒತ್ತಿ ಒತ್ತಿ ಕಲ್ಲಾದದ್ದು. ಆ ಬಾವಿಗಳನ್ನು ಈಗೀಗ ಹೇಗೆ ಕೊರೆಯುತ್ತಿದ್ದಾರೆ, ಕೊರೆದ ಮೇಲೆ ಹೇಗೆ ಸಿದ್ಧಪಡಿಸುತ್ತಿದ್ದಾರೆ, ಮೊದಲಿಗಿಂತ ಏನು ಬದಲಾಗಿದೆ ಎಂದು ತಿಂಗಳಿಗೊಂದು ವರದಿ ಬರೆಯುವುದು ನನ್ನ ಕೆಲಸ. ಕಂಪನಿ ಬೆಂಗಳೂರಿನದು, ಬಾವಿ ಅಮೆರಿಕದ್ದು, ನಾನು ನೈರೋಬಿಯಲ್ಲಿ. ಏಕೆ ನೈರೋಬಿ ಎಂದು ವಿವರಿಸಬಹುದಿತ್ತು, ಆದರೆ ಅದು ಕಂಪನಿಗೂ ಸರಿಯಾಗಿ ಗೊತ್ತಿಲ್ಲ.

ಮನೆ ಅದೇ ಊರಿನ ಲೊರೆಶೋ ಬಡಾವಣೆಯಲ್ಲಿ. ಒಂದು ಕಾಂಪೌಂಡು, ಅದರೊಳಗೆ ನಾಲ್ಕು ಮನೆ, ನಾಲ್ಕಕ್ಕೂ ಸೇರಿ ಒಂದು ಬೋರ್‌ವೆಲ್. ಮಾಲೀಕರು ಮಂಗಳೂರು ಕಡೆಯ ಡಾಕ್ಟರು, ಈ ಊರಿನಲ್ಲೇ ವೃತ್ತಿ ಮಾಡಿ ನಿವೃತ್ತರಾದವರು. ಸಂಜೆ ಮಾತಿಗೆ ಬೇಕೆಂದು ಬಾಡಿಗೆಗೆ ಕನ್ನಡದವರನ್ನೇ ಹುಡುಕಿ ಇಟ್ಟುಕೊಂಡಿದ್ದಾರೆ. ನಮ್ಮ ಪಕ್ಕದ ಮನೆಯಲ್ಲಿರುವವರು ಬೆಂಗಳೂರಿನಿಂದ ಬಂದ ಬ್ಯಾಂಕಿನವರು.

ನಾವು ಬಂದ ಮೊದಲ ಸಂಜೆ ನನ್ನ ಹೆಂಡತಿ, "ಇವರು ಬಾವಿ ಕೊರೆಯೋ ಕಂಪನಿ" ಎಂದು ಪರಿಚಯಿಸಿದಳು.

"ನಾನು ಕೊರೆಯೋದಿಲ್ಲ," ಎಂದೆ. "ಬೇರೆಯವರು ಹೇಗೆ ಕೊರೀತಿದಾರೆ ಅಂತ ಬರೀತೀನಿ."

"ಓ, ಕ್ರಿಕೆಟ್ ಕಾಮೆಂಟರಿ ಥರ," ಎಂದರು ಬ್ಯಾಂಕಿನವರು.

"ಹಾಗೂ ಅಲ್ಲ," ಎಂದೆ. "ಕಾಮೆಂಟರಿ ಹೇಳೋರು ಆಟ ನೋಡಿರ್ತಾರೆ."

ಚಪಾತಿ ಮತ್ತು ಡಾಕ್ಟರು

ಈ ಸಲ ಮಳೆ ಕೈಕೊಟ್ಟು ನಮ್ಮ ಬೋರ್‌ವೆಲ್ ಸೊರಗಿತು. ಬೆಳಿಗ್ಗೆ ಸ್ವಲ್ಪ ಹೊತ್ತು ನೀರು ಬರುತ್ತದೆ, ಆಮೇಲೆ ಗಾಳಿ. ಪಕ್ಕದ ಕಾಂಪೌಂಡು ಯಾವುದೋ ದೇಶದ ರಾಯಭಾರಿಯದು. ಅಲ್ಲಿ ಹುಲ್ಲು ಹಸಿರಾಗಿದೆ. ಡಾಕ್ಟರು ಬೇಲಿಯ ಬಳಿ ನಿಂತು ಆ ಹುಲ್ಲನ್ನು ನೋಡುವುದು ಹೆಚ್ಚಾಯಿತು.

ಒಂದು ಸಂಜೆ ಅವರ ಮನೆಯಲ್ಲಿ, "ನಿಮ್ಮ ಅಮೆರಿಕದವರು ಎಂತ ಮಾಡ್ತಾರೆ ಮಾರಾಯ್ರೆ?" ಎಂದು ಕೇಳಿದರು. ನಾನು ಚಪಾತಿಗಳನ್ನು ಒಂದರ ಮೇಲೊಂದು ಇಟ್ಟು, ಜ್ಯೂಸಿನ ಸ್ಟ್ರಾ ತೆಗೆದುಕೊಂಡು ವಿವರಿಸಿದೆ. ತೈಲವಿರುವ ಪದರ ಈ ಚಪಾತಿಯಷ್ಟು ತೆಳ್ಳಗೆ. ಮೇಲಿನಿಂದ ನೇರ ಚುಚ್ಚಿದರೆ ಸ್ಟ್ರಾ ಅದನ್ನು ಒಂದು ಚೂರು ಮುಟ್ಟಿ ಆಚೆ ಹೋಗುತ್ತದೆ. ಆದ್ದರಿಂದ ಪದರ ಸಿಕ್ಕ ಕೂಡಲೇ ಪೈಪನ್ನು ಬಗ್ಗಿಸಿ ಪದರದೊಳಗೇ ಮಲಗಿಸಿಕೊಂಡು ಹೋಗುತ್ತಾರೆ. ಈಗೀಗ ಮೈಲಿಗಟ್ಟಲೆ ಹೋಗುತ್ತಾರೆ.

ಡಾಕ್ಟರು ಹೊಟ್ಟೆ ಮತ್ತು ಕರುಳಿನ ತಜ್ಞರು ಎಂದು ನಾನು ಮೊದಲೇ ಹೇಳಬೇಕಿತ್ತು, ಹೇಳದೆ ಬಿಟ್ಟೆ. ಅವರ ಮುಖ ಅರಳಿತು.

"ಇದು ಕೊಲನೊಸ್ಕೋಪಿ ಅಲ್ಲವಾ? ಜೀವಮಾನ ಇಡೀ ನಾನು ಮಾಡಿದ್ದು ಇದನ್ನೇ. ಮೆಲ್ಲ ಒಳಗೆ ಬಿಡುವುದು, ತಿರುವು ಬಂದಲ್ಲಿ ಬಗ್ಗಿಸುವುದು. ತುದಿಯಲ್ಲಿ ಕ್ಯಾಮೆರಾ ಉಂಟಾ?"

"ಕ್ಯಾಮೆರಾ ಅಲ್ಲ, ಸೆನ್ಸರ್."

"ಹಿಂದಿನ ದಿನ ಹೊಟ್ಟೆ ಖಾಲಿ ಮಾಡಿಸ್ತಾರಾ?"

ಕೊರೆದ ಕಲ್ಲಿನ ಪುಡಿಯನ್ನು ಹೇಗೆ ಹೊರಗೆ ತರುತ್ತಾರೆ ಎಂದು ನಾನು ಶುರುಮಾಡಿದೆ. ಡಾಕ್ಟರು ಅದಕ್ಕೆ ಸಮನಾದ ತಮ್ಮ ವಿಧಾನವನ್ನು ಹೇಳತೊಡಗಿದರು. ಬ್ಯಾಂಕಿನವರು ಕೈಯಲ್ಲಿದ್ದ ಚಪಾತಿಯನ್ನು, ಅಂದರೆ ಮೇಲಿನಿಂದ ಮೂರನೆಯ ಪದರವನ್ನು, ವಾಪಸ್ ಇಟ್ಟರು.

ರಿವರ್ಸ್

ಮರುದಿನ ಡಾಕ್ಟರು ತೀರ್ಮಾನಿಸಿಬಿಟ್ಟಿದ್ದರು. ಇರುವ ಬೋರ್‌ವೆಲ್ಲಿನೊಳಗೇ ಇಳಿದು, ಕೆಳಗೆ ಬಗ್ಗಿಸಿ, ರಾಯಭಾರಿಯ ಹುಲ್ಲಿನಡಿಗೆ ಹೋಗುವುದು. "ನೀರು ಅಲ್ಲುಂಟು, ಬಾವಿ ಇಲ್ಲುಂಟು. ಮಧ್ಯೆ ಬಗ್ಗುವುದೊಂದು ಬಾಕಿ."

ಅದು ನೀರಿನ ಬಾವಿ. ಅದರೊಳಗೆ ಏನಾದರೂ ಸಿಕ್ಕಿಹಾಕಿಕೊಂಡರೆ ಬೆಳಿಗ್ಗೆ ಬರುವ ಆ ಸ್ವಲ್ಪ ನೀರೂ ಹೋಗಿ, ನಾಲ್ಕೂ ಮನೆ ಒಣಗುತ್ತವೆ. ಬೇಡ ಎನ್ನಲೇಬೇಕಿತ್ತು. ಆದರೆ ಕಾರಣವಿಲ್ಲದೆ ಬೇಡ ಎಂದರೆ ಹಿರಿಯರಿಗೆ ಅಗೌರವವಲ್ಲವೇ? ಅದಕ್ಕಾಗಿ ಕಾರಣದಿಂದ ಶುರುಮಾಡಿದೆ.

"ಡಾಕ್ಟ್ರೇ, ಇನ್ನೊಬ್ಬರ ಜಾಗದಡಿ ಹೋಗೋ ಹಾಗಿಲ್ಲ. ಅಮೆರಿಕದಲ್ಲೂ ಅದು ಕಷ್ಟ. ಜಾಗ ಉದ್ದ ಇಲ್ಲದ ಕಂಪನಿಗಳು ಅದಕ್ಕೇ ಈಗೀಗ ಏನು ಮಾಡ್ತಿವೆ ಅಂದ್ರೆ, ತಮ್ಮ ಜಾಗದ ಕೊನೆ ತನಕ ಹೋಗಿ, ಭೂಮಿಯೊಳಗೇ ಯು-ಟರ್ನ್ ತಗೊಂಡು ವಾಪಸ್ ಬರ್ತಾರೆ. ಆದರೆ..."

"ಹೌದಾ?" ಎಂದರು ಡಾಕ್ಟರು. ಆ 'ಆದರೆ' ಅವರಿಗೆ ಕೇಳಿಸಲೇ ಇಲ್ಲ. "ಹಾಗಾದರೆ ರಾಯಭಾರಿಯ ಉಸಾಬರಿಯೇ ಬೇಡ. ನಮ್ಮ ಬೇಲಿ ಹತ್ತಿರದ ದಾಳಿಂಬೆ ಗಿಡದ ತನಕ ಹೋಗಿ ತಿರುಗಿಸುವ."

"ಸರ್, ನನ್ನ ಕಾರೇ ಈ ಕಾಂಪೌಂಡಲ್ಲಿ ಯು-ಟರ್ನ್ ಆಗಲ್ಲ," ಎಂದರು ಬ್ಯಾಂಕಿನವರು. "ದಿನಾ ರಿವರ್ಸಲ್ಲೇ ಹೋಗ್ತೀನಿ."

ಅಬ್ಬ, ಒಬ್ಬರಾದರೂ ನನ್ನ ಪರ ಮಾತಾಡಿದರಲ್ಲ ಎಂದುಕೊಂಡೆ. ಡಾಕ್ಟರು ಗಡ್ಡ ತುರಿಸಿಕೊಂಡು ಯೋಚಿಸಿದರು.

"ಅದೂ ಸರಿಯೇ," ಎಂದರು. "ಹಾಗಾದರೆ ಪೈಪೂ ರಿವರ್ಸಲ್ಲೇ ಬರಲಿ."

ಈಜುಕೊಳ

ಹೆಂಡತಿಯ ಮೂಲಕ ಹೇಳಿಸಿದರೆ ಹೇಗೆ ಎಂದು ಹೊಳೆಯಿತು. ಅವಳು ಚಿಕ್ಕದಾಗಿ ಹೇಳುತ್ತಾಳೆ. ಅವಳಿಗೆ ಮೊದಲು ವಿಷಯ ಗೊತ್ತಿರಬೇಕಲ್ಲ, ಹಾಗಾಗಿ ಅಡುಗೆಮನೆಯಲ್ಲಿ ವಿವರಿಸಿದೆ. ಶೇಲ್ ಬಾವಿಯನ್ನು ಕೊರೆದ ಮಾತ್ರಕ್ಕೆ ತೈಲ ಬರುವುದಿಲ್ಲ. ನೀರು, ಮರಳು ಸೇರಿಸಿ ಭಾರೀ ಒತ್ತಡದಲ್ಲಿ ಒಳಗೆ ನುಗ್ಗಿಸಿ ಕಲ್ಲನ್ನು ಸೀಳಬೇಕು. ನೀರು ಸೀಳುತ್ತದೆ, ಮರಳು ಆ ಸೀಳು ಮುಚ್ಚದ ಹಾಗೆ ನೋಡಿಕೊಳ್ಳುತ್ತದೆ. ಈಗಂತೂ ಎರಡು ಮೂರು ಬಾವಿಗಳಿಗೆ ಒಟ್ಟಿಗೇ ಮಾಡುತ್ತಾರೆ.

"ಎಷ್ಟು ನೀರು ಬೇಕು?" ಎಂದಳು.

"ಎಷ್ಟೋ ಈಜುಕೊಳದಷ್ಟು."

ಅವಳು ಬಕೆಟ್ಟು ಕೆಳಗಿಟ್ಟಳು. "ಅಷ್ಟು ನೀರು ಇದ್ದಿದ್ರೆ ಬಾವಿ ಯಾಕ್ರೀ? ನಾನು ಅದರಲ್ಲೇ ಪಾತ್ರೆ ತೊಳೀತಿದ್ದೆ."

ಇದನ್ನೇ ಅವಳು ಹೋಗಿ ಡಾಕ್ಟರ ಹೆಂಡತಿಗೆ ಹೇಳಿದಳು. ಅವಳು ಹೇಳಿದ್ದು ದೂರು. ಡಾಕ್ಟರಿಗೆ ತಲುಪಿದ್ದು ಮದ್ದಿನ ಚೀಟಿ. ಎರಡು ದಿನ ಬಿಟ್ಟು ಗೇಟಿನ ಮುಂದೆ ನೀರಿನ ಟ್ಯಾಂಕರ್ ಬಂದು ನಿಂತಿತು.

"ತೊಟ್ಟಿ ಎಲ್ಲಿದೆ?" ಎಂದ ಟ್ಯಾಂಕರಿನವನು.

"ತೊಟ್ಟಿಗಲ್ಲ. ಬಾವಿಗೆ ಹಾಕು," ಎಂದರು ಡಾಕ್ಟರು.

ಅವನು ಬಾವಿ ನೋಡಿದ, ಡಾಕ್ಟರನ್ನು ನೋಡಿದ. "ನಾವು ಬಾವಿಯಿಂದ ತುಂಬಿಸಿಕೊಂಡು ಬರ್ತೀವಿ," ಎಂದ ಮೆಲ್ಲಗೆ.

"ಗೊತ್ತು. ಇದು ಹೊಸ ಪದ್ಧತಿ."

"ಸವಾ," ಎಂದ ಅವನು. ಸವಾ ಎಂದರೆ ಸರಿ ಎಂದರ್ಥ. ಮುಂದೆ ಮಾತು ಬೇಡ ಎಂದೂ ಅರ್ಥ. ಅವನು ಪೈಪು ಎಳೆಯುವಷ್ಟರಲ್ಲಿ ನಾಲ್ಕೂ ಮನೆಯ ಹೆಂಗಸರು ಬಕೆಟ್ಟು, ಕೊಡ, ಕುಕ್ಕರು ಹಿಡಿದು ಮಧ್ಯೆ ನಿಂತಿದ್ದರು. ಬಾವಿಗೆ ಒಂದು ಹನಿ ಬೀಳಲಿಲ್ಲ. ಸಂಜೆ ಎಲ್ಲರ ಮನೆಯ ಪರದೆಗಳೂ ಒಗೆದು ತಂತಿಯ ಮೇಲಿದ್ದವು. ಡಾಕ್ಟರು ಅವನ್ನು ನೋಡಿ, "ಪೇಷಂಟಿಗೆ ಕೊಟ್ಟ ಗ್ಲೂಕೋಸನ್ನು ಸಂಬಂಧಿಕರು ಕುಡಿದ ಹಾಗಾಯಿತು" ಎಂದರು.

ದೊಡ್ಡ ಯಂತ್ರ

ಆಮೇಲೆ ಕೊರೆಯುವವನು ಬಂದ. ಖುಷಿಯ ಮನುಷ್ಯ. ಏನು ಕೇಳಿದರೂ "ಹಕೂನಾ ಶಿದಾ", ತೊಂದರೆಯೇ ಇಲ್ಲ. ಡಾಕ್ಟರು ಅವನಿಗೆ ಸ್ವಾಹಿಲಿಯಲ್ಲಿ ಇಡೀ ಕೊಲನೊಸ್ಕೋಪಿ ಹೇಳಿದರು. ಅವನು ಒಮ್ಮೆ ಬೆನ್ನು ನೆಟ್ಟಗೆ ಮಾಡಿಕೊಂಡ, ಅಷ್ಟೇ.

"ಬಗ್ಗಿದ ರಾಡ್ ನನ್ನಲ್ಲಿಲ್ಲ. ಆದರೆ ವೆಲ್ಡಿಂಗ್ ಅಂಗಡಿಯಲ್ಲಿ ಬಗ್ಗಿಸಿಕೊಂಡು ಬರ್ತೀನಿ," ಎಂದ. ಬಗ್ಗಿದ ರಾಡು ನೇರವಾದ ಬಾವಿಯೊಳಗೆ ಹೇಗೆ ಇಳಿಯುತ್ತದೆ ಎಂದು ಯಾರೂ ಕೇಳಲಿಲ್ಲ. ಅವನು ನನ್ನ ಕಡೆ ತಿರುಗಿದ. "ಇಂಜಿನಿಯರ್ ಏನು ಹೇಳ್ತಾರೋ ಹಾಗೆ."

ಇದೇ ಸಮಯ ಎಂದುಕೊಂಡೆ. ಇಂಗ್ಲಿಷಿನಲ್ಲಿ ಶುರುಮಾಡಿದೆ: ಕೆಸರು ಕಲ್ಲಾದದ್ದು, ಪದರ, ತುದಿಯ ಮೋಟಾರು, ಬಾಗಲು ಬೇಕಾಗುವ ಜಾಗ. ಅವನು ಬಕೆಟ್ಟು ಬೋರಲು ಹಾಕಿ ಕೂತು ಗಂಭೀರವಾಗಿ ಕೇಳಿಸಿಕೊಂಡ. ನಾನು 'ಆದ್ದರಿಂದ' ಎನ್ನುವ ಹಂತಕ್ಕೆ ಬಂದಾಗ ಎದ್ದು ಡಾಕ್ಟರ ಕೈ ಕುಲುಕಿದ.

"ಇಂಜಿನಿಯರ್ ಇಷ್ಟು ಹೊತ್ತು ಮಾತಾಡಿದ್ದಾರೆ ಅಂದ್ರೆ ಇದು ಸಣ್ಣ ಕೆಲಸ ಅಲ್ಲ," ಎಂದ. "ನಾನು ದೊಡ್ಡ ಯಂತ್ರ ತರ್ತೀನಿ. ಶನಿವಾರ."

ಬೇಡ, ಏಕೆಂದರೆ

ಇವತ್ತು ಶನಿವಾರ. ಲಾರಿ ಬರುವುದರೊಳಗೆ ಇದನ್ನು ಬರೆದು ಮುಗಿಸಿ ಮೊದಲು ಡಾಕ್ಟರಿಗೆ ಓದಲು ಕೊಟ್ಟು, ಆಮೇಲೆ ಸಂಘಕ್ಕೆ ಕಳಿಸುವುದೆಂದು ಕೂತಿದ್ದೇನೆ. ಹಿಂದಿನಿಂದ ಇಣುಕಿದ ಮಗಳು, "ಅಪ್ಪಾ, ಯು ಕ್ಯಾನ್ ಜಸ್ಟ್ ಸೇ ನೋ" ಎಂದಳು. ಹೇಳಬಹುದು. ಆದರೆ ಅವಳು ಇಲ್ಲೇ ಬೆಳೆದ ಹುಡುಗಿ. ಬೇಡ ಎನ್ನುವ ಮೊದಲು ನಮ್ಮ ಕಡೆ ಎಷ್ಟು ಹೇಳಬೇಕಾಗುತ್ತದೆ ಎಂದು ಅವಳಿಗೆ ವಿವರಿಸುತ್ತಿದ್ದೆ; ಅಷ್ಟರಲ್ಲಿ ಎದ್ದು ಹೋದಳು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಶೇಲ್ ತೈಲವನ್ನು ಬಿಗಿಯಾಗಿ ಹಿಡಿದುಕೊಂಡಿರುತ್ತದೆ, ಅದಕ್ಕೇ ಬಗ್ಗಿಸುವುದು, ಸೀಳುವುದು. ನಮ್ಮ ಬಾವಿಯ ಕಲ್ಲು ಹಾಗಲ್ಲ. ಇಲ್ಲಿ ನೀರು ಬಿರುಕುಗಳಲ್ಲಿ ತಾನಾಗಿಯೇ ಹರಿದು ಬರುತ್ತದೆ. ಬರದಿದ್ದರೆ ಬಗ್ಗಿಸಿಯೂ ಬರುವುದಿಲ್ಲ. ಇದನ್ನು ಒಂದು ಉದಾಹರಣೆಯಿಂದ ಹೇಳುವುದಾದರೆ, ಒಂದು ಸ್ಪಂಜು ತೆಗೆದುಕೊಳ್ಳಿ. ಸ್ಪಂಜು ಎಂದರೆ ಪಾತ್ರೆ ತೊಳೆಯುವುದಲ್ಲ, ಅದಕ್ಕಿಂತ ಸ್ವಲ್ಪ ದೊಡ್ಡದು

ಹೆಂಡತಿ ಕೂಗುತ್ತಿದ್ದಾಳೆ. "ರೀ, ಲಾರಿ ಬಂತು. ರಾಡ್ ಬಾವಿ ಬಾಯಿಗೆ ಇಟ್ಟಾಗಿದೆ. ಡಾಕ್ಟ್ರು ಈಗ್ಲೂ ಕೇಳ್ತಿದಾರೆ, ಬೇಡ ಅಂದ್ರೆ ಬೇಡ ಅಂತ ಒಂದು ಮಾತು ಹೇಳಿಬಿಡಿ, ವಾಪಸ್ ಕಳಿಸ್ತಾರಂತೆ. ಒಂದೇ ಮಾತು."

ಬಂದೆ. ಅದನ್ನೇ ಹೇಳುತ್ತೇನೆ. ಆದರೆ ಅದಕ್ಕೂ ಮೊದಲು ಆ ಸ್ಪಂಜು