ಚುಕ್ಕಿ ಇಡುವವನ ಸ್ವಂತ ಉದ್ಯೋಗ

ಹೆಂಡತಿಯ ತಮ್ಮ ಪೈಪು, ನಲ್ಲಿ ಮಾರುವ ಅಂಗಡಿ ಇಟ್ಟಿದ್ದಾನೆಂಬುದೇ ನನ್ನ ಜೀವನದ ದೊಡ್ಡ ಭಯ. ನನ್ನ ಕೆಲಸ ಹೋದ ದಿನವೇ ಅವನು ಫೋನ್ ಮಾಡಿ, "ಭಾವ, ನಮ್ಮ ಅಂಗಡಿಗೆ ಬನ್ನಿ, ಸುಮ್ಮನೆ ಕೂತಿದ್ರೆ ಸಾಕು" ಎಂದಿದ್ದ. ನಲವತ್ನಾಲ್ಕು ವರ್ಷದ ಗಂಡಸನ್ನು ನೆಲಕ್ಕೆ ಕೆಡವಲು 'ಸುಮ್ಮನೆ' ಎಂಬ ಒಂದು ಮಾತು ಸಾಕು.

ಮೊಬೈಲಿನಲ್ಲಿ ನಕ್ಷೆ ತೆರೆದರೆ ಚುಕ್ಕಿಗಳು ಕಾಣುತ್ತವಲ್ಲ, ಒತ್ತಿದರೆ ಅಂಗಡಿಯ ವಿವರ ಬಿಚ್ಚಿಕೊಳ್ಳುತ್ತದಲ್ಲ, ಅಂಥ ನಕ್ಷೆಗಳನ್ನು ಕಟ್ಟುವವನು ನಾನು. (ಅತ್ತೆಯವರು ನೆಂಟರಿಗೆ, "ಅಳಿಯಂದಿರು ಚುಕ್ಕಿ ಇಡ್ತಾರೆ" ಎಂದು ಪರಿಚಯಿಸುತ್ತಾರೆ. ಎದುರಿನವರು ರಂಗೋಲಿಯೇ ಎಂದು ಕೇಳುತ್ತಾರೆ.) ಹನ್ನೊಂದು ವರ್ಷ ಚುಕ್ಕಿ ಇಟ್ಟ ಮೇಲೆ ಕಂಪನಿಯವರು ನನ್ನ ವಿಭಾಗವನ್ನೇ ಅಳಿಸಿಹಾಕಿದರು. ಇನ್ನು ಸ್ವತಂತ್ರ ಉದ್ಯೋಗ, ಗಿರಾಕಿಗಳನ್ನು ನಾನೇ ಹುಡುಕಿಕೊಳ್ಳುತ್ತೇನೆಂದು ಮನೆಯಲ್ಲಿ ಘೋಷಿಸಿದೆ. ಹೆಂಡತಿ ಸೊಪ್ಪು ಬಿಡಿಸುತ್ತಿದ್ದಳು.

"ಆಗಲಿ. ಮೂರು ತಿಂಗಳು ನೋಡೋಣ. ಒಬ್ಬ ಗಿರಾಕೀನೂ ಸಿಗದಿದ್ರೆ ತಮ್ಮನ ಅಂಗಡಿ."

"ಮೂರು ತಿಂಗಳಲ್ಲಿ ನನ್ನ ಕಚೇರಿಗೇ ಜಾಗ ಸಾಲದೆ ಹೋಗುತ್ತೆ, ನೋಡ್ತಿರು."

"ಸದ್ಯಕ್ಕೆ ಆ ಡೈನಿಂಗ್ ಟೇಬಲ್ ಖಾಲಿ ಮಾಡಿ, ಊಟಕ್ಕೆ ಬಡಿಸಬೇಕು."

ಇಸ್ತ್ರಿ ಮಾಡಿದ ಅಂಗಿ ತೊಟ್ಟು ಗಿರಾಕಿಗಳ ಬೇಟೆಗೆ ಹೊರಟೆ. ದಂತವೈದ್ಯರು ನನ್ನ ಭಾಷಣ ಪೂರ್ತಿ ಕೇಳಿ, "ನನ್ನ ಹತ್ತಿರ ಬರೋರಿಗೆ ದಾರಿ ಗೊತ್ತಿದೆ, ಮನಸ್ಸಿಲ್ಲ ಅಷ್ಟೆ. ಅದಕ್ಕೇನಾದ್ರೂ ನಕ್ಷೆ ಇದೆಯಾ?" ಎಂದರು. ಡ್ರೈವಿಂಗ್ ಸ್ಕೂಲಿನವನಿಗೆ ತನ್ನ ಶಾಲೆ ಕಾಣಿಸುವುದು ಬೇಡ, ಪಕ್ಕದ ರಸ್ತೆಯ ಶಾಲೆ ಮಾಯವಾದರೆ ಸಾಕಿತ್ತು. ಮನೆ ಬಾಡಿಗೆಗೆ ಕೊಡಿಸುವ ಏಜೆಂಟ್ ಮಾತ್ರ ಉತ್ಸಾಹ ತೋರಿಸಿದ. ಊರಿನ ಎಲ್ಲ ಮನೆಗಳೂ ಬಸ್ ನಿಲ್ದಾಣದಿಂದ ಐದೇ ನಿಮಿಷ ಎಂದು ತೋರಿಸುವ ನಕ್ಷೆ ಅವನಿಗೆ ಬೇಕಾಗಿತ್ತು. ಭೂಗೋಳಕ್ಕೆ ಅಷ್ಟು ದೊಡ್ಡ ದ್ರೋಹ ಮಾಡಲಾರೆನೆಂದು ಎದ್ದು ಬಂದೆ.

ಎರಡು ತಿಂಗಳು ಹೀಗೇ ಕಳೆಯಿತು. ನಾನು ಗೋಡೆಗೆ ಮುಖ ಮಾಡಿ ಲ್ಯಾಪ್‌ಟಾಪ್ ಮುಂದೆ ಕೂರತೊಡಗಿದೆ. ಹೆಂಡತಿ ಬೈಯುವುದನ್ನೂ ನಿಲ್ಲಿಸಿದಳು. ಅವಳು ನನ್ನನ್ನು ಕಂಡು ಮರುಗುತ್ತಿದ್ದಾಳೆಂದು ತಿಳಿದಾಗ ನಿಜವಾಗಿಯೂ ಅಳು ಬಂತು.

ಕೊನೆಗೆ ಹೊಳೆದದ್ದು ಕೊರಿಯರ್ ಕಚೇರಿ. ನಮ್ಮ ಬಡಾವಣೆಯಲ್ಲಿ ಹದಿನಾಲ್ಕನೇ ನಂಬರಿನ ಪಕ್ಕ ಇನ್ನೂರ ಮೂರು, ಅದರ ಹಿಂದೆ ಮತ್ತೊಂದು ಹದಿನಾಲ್ಕು. ಪಾರ್ಸೆಲ್‌ಗಳು ತಿರುಗಿ ತಿರುಗಿ ವಾಪಸ್ಸಾಗುತ್ತಿದ್ದವು. ಹದಿನೈದು ದಿನ ಬೀದಿ ಬೀದಿ ಅಲೆದು, ಪ್ರತಿ ಮನೆಗೂ ಚುಕ್ಕಿ ಇಟ್ಟು, ಮಾದರಿ ನಕ್ಷೆಯೊಂದನ್ನು ಪುಕ್ಕಟೆಯಾಗಿ ಅವರಿಗೆ ಅರ್ಪಿಸಿದೆ. ಸಂಪರ್ಕಕ್ಕೆಂದು ಕೆಳಗೆ ಹೆಂಡತಿಯ ನಂಬರ್ ಹಾಕಿದೆ. ಸಂಸ್ಥೆಗೊಬ್ಬ ಸ್ವಾಗತಕಾರಿಣಿ ಇದ್ದರೆ ಅದರ ಘನತೆಯೇ ಬೇರೆ.

ಮರುದಿನದಿಂದ ಅವಳ ಫೋನಿಗೆ ಬಿಡುವಿಲ್ಲ. ಆದರೆ ಕರೆ ಮಾಡುತ್ತಿದ್ದವರೆಲ್ಲ ದಾರಿ ತಪ್ಪಿದ ಡೆಲಿವರಿಯವರು.

"ಹಸಿರು ಗೇಟ್ ಕಾಣ್ತಿದೆಯಾ? ಅದಲ್ಲ. ಅದರ ಎದುರು, ಟೈಲರ್ ಪಕ್ಕದ ಮೆಟ್ಟಿಲು. ನಾಯಿ ಏನೂ ಮಾಡಲ್ಲಪ್ಪ, ಯಜಮಾನರೇ ಸ್ವಲ್ಪ ಕಚ್ಚೋ ಥರ. ಬೆಲ್ ಒಂದೇ ಸಲ ಒತ್ತು."

ಇವಳ ಸಂಜೆಯ ವಾಕಿಂಗಿನಲ್ಲಿ ನಡೆಯುವುದಕ್ಕಿಂತ ನಿಂತು ಮಾತಾಡುವುದೇ ಹೆಚ್ಚು. ಯಾವ ಮನೆಯಲ್ಲಿ ಯಾರು, ಎಷ್ಟು ಹೊತ್ತಿಗೆ ಇರುತ್ತಾರೆ, ಎಲ್ಲ ಬಾಯಿಪಾಠ. "ನಕ್ಷೆ ನೋಡ್ಕೊಳ್ಳಿ ಅಂತ ಹೇಳಬಾರದೇನೇ?" ಎಂದೆ.

"ಹೇಳ್ದೆ ಕಣ್ರೀ. ನಕ್ಷೆ ನೋಡಿಯೇ ಫೋನ್ ಮಾಡಿದ್ದಂತೆ."

ಗಡುವಿಗೆ ಮೂರು ದಿನ ಇರುವಾಗ ಕೊರಿಯರ್ ಮ್ಯಾನೇಜರ್ ಖುದ್ದಾಗಿ ಮನೆಗೆ ಬಂದರು. ನಕ್ಷೆಯನ್ನು ದೊಡ್ಡದಾಗಿ ತೆರೆದಿಟ್ಟು ಕುರ್ಚಿ ಎಳೆದುಕೊಟ್ಟೆ. ಅವರು ನನ್ನ ಭುಜದ ಮೇಲಿಂದ ಅಡುಗೆಮನೆಯ ಕಡೆ ಇಣುಕಿದರು.

"ಮೇಡಂ ಇದ್ದಾರಾ? ಅವರಿಂದಾಗಿ ವಾಪಸ್ ಬರೋ ಪಾರ್ಸೆಲ್ ಅರ್ಧಕ್ಕರ್ಧ ನಿಂತುಹೋಗಿದೆ. ಮನೆಯಿಂದಲೇ ಫೋನಲ್ಲಿ ದಾರಿ ಹೇಳೋ ಕೆಲಸಕ್ಕೆ ತಗೊಳ್ಳೋಣ ಅಂತ."

"ನನ್ನ ನಕ್ಷೆ?" ಎಂದೆ, ಕ್ಷೀಣ ದನಿಯಲ್ಲಿ.

"ಚೆನ್ನಾಗಿದೆ ಸಾರ್. ಅದರಲ್ಲಿ ಮೇಡಂ ನಂಬರ್ ಇದೆಯಲ್ಲ, ಅದೊಂದನ್ನ ದೊಡ್ಡಕ್ಷರದಲ್ಲಿ ಹಾಕಿಬಿಡಿ."

ಹೆಂಡತಿ ಕೈ ಒರೆಸಿಕೊಳ್ಳುತ್ತ ಬಂದು ನಿಂತಳು. ನನ್ನ ಮುಖವನ್ನೊಮ್ಮೆ ನೋಡಿದಳು.

"ಒಬ್ಬಳಿಗೇ ಕಷ್ಟ ಸಾರ್. ನಾನು ಹೇಳಿದ್ದನ್ನೆಲ್ಲ ನಕ್ಷೇಲಿ ತುಂಬಿಸೋಕೆ ಒಬ್ಬರು ಬೇಕು."

"ನಿಮ್ಮ ಕೈಕೆಳಗೆ ಯಾರನ್ನ ಬೇಕಾದ್ರೂ ಇಟ್ಕೊಳ್ಳಿ ಮೇಡಂ, ಅದು ನಿಮಗೆ ಬಿಟ್ಟದ್ದು."

ಮ್ಯಾನೇಜರ್ ಹೋದ ಕೂಡಲೇ ಅವಳು ತಮ್ಮನಿಗೆ ಫೋನ್ ಮಾಡಿದಳು. ನಾನು ಬಾಗಿಲ ಮರೆಯಲ್ಲಿ ಕಿವಿಗೊಟ್ಟು ನಿಂತೆ.

"ನಿಮ್ಮ ಭಾವ ಅಂಗಡಿಗೆ ಬರಲ್ಲ ಕಣೋ. ಇಲ್ಲ, ನನಗೇ ಬೇಕು ಅವರು."

ಮದುವೆಯಾಗಿ ಹದಿನಾರು ವರ್ಷಕ್ಕೆ ಇಂಥ ಮಾತು ಕೇಳಿದ್ದು ಇದೇ ಮೊದಲು. ಕಣ್ಣು ತುಂಬಿ ಬಂತು. ಆ ಕಡೆಯಿಂದ ಅವನೇನೋ ಕೇಳಿದ.

"ಛೇ, ಪರ್ಮನೆಂಟ್ ಎಲ್ಲ ಅಲ್ಲಪ್ಪ. ಒಂದು ತಿಂಗಳು ಕೆಲಸ ನೋಡ್ತೀನಿ. ಸರಿಹೋಗದಿದ್ರೆ ನಿನ್ನ ಹತ್ರಾನೇ ಕಳಿಸ್ತೀನಿ, ಜಾಗ ಖಾಲಿ ಇಟ್ಟಿರು."